ರುದ್ರಯ್ಯನ ಜೀಪಿನ ಪುಟ

ಗೌರಿ ಹಬ್ಬ ಕಳೆದ ಮೂರನೆಯ ದಿನ ಬೆಳಗ್ಗೆ ತಿಂಡಿಗೆ ಕೂತಾಗ, ಸುಲೋಚನಮ್ಮ ಗಂಡ ಏಕಾಂತಯ್ಯನ ತಟ್ಟೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕುತ್ತ, ಹೊಂಗಡಹಳ್ಳದ ಪುಷ್ಪಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ಈ ಸಲ ಅವಳಿಗೆ ತವರಿನಿಂದ ಬಾಗಿನವೇ ಬರಲಿಲ್ಲವಂತೆ ಎಂದಳು. ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿ ಒಲೆಯ ಕಡೆ ತಿರುಗಿಯೂ ಆಗಿತ್ತು. ಏಕಾಂತಯ್ಯನ ಬಾಯಿಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾಕಂತೆ ಎಂದು ಕೇಳಬೇಕು, ಕೇಳದೆ ಇದ್ದರೆ ಅನುಮಾನ ಬರುತ್ತದೆ ಎಂದುಕೊಂಡ. ಹಾಗೆ ಅಂದುಕೊಂಡದ್ದರಿಂದಲೇ ಕೇಳುವುದು ತಡವಾಯಿತು. ಅಷ್ಟರಲ್ಲಿ ಸುಲೋಚನಮ್ಮನೇ ಹೇಳಿದಳು: ಪುಷ್ಪಾಳ ಅಣ್ಣ ರುದ್ರಯ್ಯನಿಗೂ ಗಂಡ ಮಂಜುನಾಥನಿಗೂ ಜೀಪಿನ ವಿಷಯದಲ್ಲಿ ಮಾತು ಬಿಟ್ಟುಹೋಗಿದೆಯಂತೆ. ನನ್ನ ಗಿರಾಕಿಗಳನ್ನೆಲ್ಲ ನೀನು ತಪ್ಪಿಸಿದೆ ಎಂದು ರುದ್ರಯ್ಯ ತಂಗಿಯ ಮನೆ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರು ಹೊರಗೆ ಬಂದು ನೋಡುವ ಹಾಗೆ ಬಾಯಿಗೆ ಬಂದದ್ದು ಅಂದನಂತೆ. 'ಹಬ್ಬದ ದಿನ ಸಾಯಂಕಾಲದವರೆಗೂ ರಸ್ತೆ ನೋಡ್ತಾ ಕೂತಿದ್ದೆ ಕಣಕ್ಕ ಅಂದ್ಳು' ಎಂದು ಸುಲೋಚನಮ್ಮ ಕಾವಲಿಯ ಮೇಲಿನ ರೊಟ್ಟಿ ಮಗುಚಿದಳು. ಏಕಾಂತಯ್ಯ ತಟ್ಟೆಯಲ್ಲಿ ಉಳಿದದ್ದನ್ನು ಚಟ್ನಿಯಲ್ಲಿ ಅದ್ದಿ ಅದ್ದಿ ಮೆತ್ತಗೆ ಮಾಡಿದ, ತಿನ್ನಲಾಗಲಿಲ್ಲ.

ಜೀಪು ಮಾಲೀಕರ ಸಂಘದ ಆಫೀಸು ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಮಹಡಿಯ ಮೇಲಿತ್ತು. ವನಗೂರು, ಬಿಸಿಲೆ ಕಡೆಯ ಗುಡ್ಡಗಳನ್ನು ನೋಡಲು ಬರುವವರನ್ನು ಹತ್ತಿಸಿಕೊಂಡು ಹೋಗುವ ಇಪ್ಪತ್ತೆರಡು ಜೀಪುಗಳು ಸಂಘದಲ್ಲಿದ್ದವು. ಹಿಂದಿನ ವರ್ಷ, ಎರಡು ಸಾವಿರದ ಏಳರಲ್ಲಿ, ಸಂಘದ ಅಧ್ಯಕ್ಷರೂ ತೋಟದ ಧಣಿಗಳೂ ಆದ ಚಂದ್ರಶೇಖರ ಅವರು ಹಾಸನದ ಕಂಪ್ಯೂಟರ್ ಸೆಂಟರಿನಿಂದ ಒಂದು ವೆಬ್‌ಸೈಟು ಮಾಡಿಸಿದ್ದರು. ಒಂದೊಂದು ಜೀಪಿಗೆ ಒಂದೊಂದು ಪುಟ. ಮಾಡೆಲ್ಲು, ವರ್ಷ, ಎಷ್ಟು ಜನ ಕೂರಬಹುದು, ಡ್ರೈವರ್ ಯಾರು, ಅವನ ಫೋನ್ ನಂಬರೇನು, ಎರಡು ಫೋಟೊ, ಆಮೇಲೆ ನಾಲ್ಕು ಸಾಲಿನ ವಿವರಣೆ. ಎಲ್ಲೋ ದೂರದಲ್ಲಿ ಕೂತವರು ಪುಟ ನೋಡಿ, ಜೀಪು ಆರಿಸಿ, ನೇರವಾಗಿ ಡ್ರೈವರಿಗೇ ಫೋನು ಮಾಡುತ್ತಿದ್ದರು. ಪುಟಗಳನ್ನು ತುಂಬುವುದು, ತಿದ್ದುವುದು, ಹೊಸ ಫೋಟೊ ಹಾಕುವುದು ಏಕಾಂತಯ್ಯನ ಕೆಲಸ. ಇಪ್ಪತ್ತೆರಡು ವರ್ಷ ಎಸ್ಟೇಟ್ ರೈಟರ್ ಆಗಿ ಆಳುಗಳ ಹಾಜರಿ, ಲೆಕ್ಕ ಬರೆದವನು. ತೋಟ ಕೈ ಬದಲಾಗಿ ಹೊಸ ಮ್ಯಾನೇಜರು ತನ್ನ ಕಡೆಯವನನ್ನು ಕರೆತಂದಾಗ ಹೊರಗೆ ಬಿದ್ದವನು. ಐವತ್ತನೆಯ ವಯಸ್ಸಿನಲ್ಲಿ ಹಾಸನಕ್ಕೆ ಹೋಗಿ, ಕಾಲೇಜು ಹುಡುಗಿಯರ ನಡುವೆ ಕೂತು, ಕೀಲಿಮಣೆಯ ಮೇಲೆ ಒಂದೇ ಬೆರಳಲ್ಲಿ ಅಕ್ಷರ ಹುಡುಕುವುದನ್ನು ಕಲಿತಿದ್ದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕದ್ದು ಇಂದಿಗೂ ಅವನ ಕತ್ತಿನ ಹಿಂಭಾಗಕ್ಕೆ ನೆನಪಿತ್ತು. ವೆಬ್‌ಸೈಟಿನ ಪಾಸ್‌ವರ್ಡು ಸಂಘದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಉಳಿದವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಆ ದಿನ ಕಂಪ್ಯೂಟರ್ ಹಾಕಿ, ಲಾಗಿನ್ ಆಗಿ, ವಾಹನಗಳ ಪಟ್ಟಿ ತೆರೆದ. ಇಪ್ಪತ್ತೆರಡು ಸಾಲು. ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಚೌಕ. ಚೌಕದಲ್ಲಿ ಟಿಕ್ ಇದ್ದರೆ ಆ ಪುಟ ಲೋಕಕ್ಕೆ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಇಪ್ಪತ್ತೊಂದರಲ್ಲಿ ಟಿಕ್ ಇತ್ತು. ರುದ್ರಯ್ಯನ ಹದಿನಾಲ್ಕನೆಯ ಸಾಲಿನಲ್ಲಿ ಇರಲಿಲ್ಲ, ಏಪ್ರಿಲ್‌ನಿಂದ ಇರಲಿಲ್ಲ. ತೋಟದಲ್ಲಿ ಹಾಜರಿ ಪುಸ್ತಕ ಹಿಡಿದು ಆಳುಗಳ ಲೈನುಮನೆಗಳ ಮುಂದೆ ನಿಲ್ಲುತ್ತಿದ್ದಾಗಲೂ ಅವನ ಕೈಯಲ್ಲಿ ಇಂಥದೇ ಚೌಕಗಳಿದ್ದವು. ಒಂದು ಬೆಳಗ್ಗೆ ಬೆಟ್ಟಮ್ಮ ಎಂಬ ಮುದುಕಿ ಹತ್ತು ನಿಮಿಷ ತಡವಾಗಿ, ಕಾಲಿಗೆ ಮುಳ್ಳು ಚುಚ್ಚಿಕೊಂಡು ಕುಂಟುತ್ತ ಬಂದಿದ್ದಳು. ಅವನು ಆಗಲೇ ಗೈರುಹಾಜರಿ ಹಾಕಿಬಿಟ್ಟಿದ್ದ. ಅವಳು ಅವನ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಿದ್ದಳು. ಒಮ್ಮೆ ಬರೆದದ್ದನ್ನು ತಿದ್ದಿದರೆ ಮ್ಯಾನೇಜರು ಏನಂದಾರು ಎಂದು ಅವನು ತಿದ್ದಲಿಲ್ಲ. ಹಾಗಂತ ತನಗೆ ತಾನೇ ಹೇಳಿಕೊಂಡಿದ್ದ. ನಿಜಕ್ಕೂ ಮ್ಯಾನೇಜರು ಆ ಪುಸ್ತಕವನ್ನು ತೆರೆದೂ ನೋಡುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ವನಗೂರಿನಲ್ಲಿ ಒಂದು ಗೃಹಪ್ರವೇಶವಿತ್ತು. ರುದ್ರಯ್ಯನ ಜೀಪಿನಲ್ಲಿ ಹನ್ನೊಂದು ಜನ. ಮುಂದೆ ಅಧ್ಯಕ್ಷರು, ಹಿಂದೆ ಒಬ್ಬ ಕಂಟ್ರಾಕ್ಟರು, ರೇಷ್ಮೆ ಸೀರೆಯ ಹೆಂಗಸರು, ಅವರ ನಡುವೆ ಮೊಣಕಾಲು ಮಡಚಿಕೊಂಡು ಏಕಾಂತಯ್ಯ. ಅಂದು ಅವನು ಜರಿಯಂಚಿನ ಶಲ್ಯ ಹೊದ್ದಿದ್ದ. ಅಧ್ಯಕ್ಷರು ತಮ್ಮ ಜೊತೆ ಬನ್ನಿ ಎಂದು ಕರೆದದ್ದೇ ಮೊದಲ ಸಲ. ಏರಿನಲ್ಲಿ ಜೀಪು ಎರಡು ಸಲ ಜಗ್ಗಿ ನಿಂತಿತು. ರುದ್ರಯ್ಯ ಹ್ಯಾಂಡ್‌ಬ್ರೇಕ್ ಎಳೆದು ಹಿಂದೆ ತಿರುಗಿದ. ಅವನ ಕಣ್ಣು ಒಬ್ಬೊಬ್ಬರ ಮೇಲೂ ಒಂದು ಗಳಿಗೆ ಕೂತು, ಎದ್ದು, ಕಡೆಗೆ ಏಕಾಂತಯ್ಯನ ಮೇಲೆ ಬಂದು ನಿಂತಿತು. 'ರೈಟ್ರೇ, ನೀವೊಬ್ರು ಒಸಿ ಇಳುದ್ರೆ ಹತ್ಬುಡ್ತದೆ' ಎಂದ. ಕಂಟ್ರಾಕ್ಟರು, ರೈಟರ ತೂಕ ಅಷ್ಟಿದೆಯಾ ಎಂದದ್ದಕ್ಕೆ ಹೆಂಗಸರೂ ನಕ್ಕರು. ಏಕಾಂತಯ್ಯನೂ ನಗುತ್ತಲೇ ಇಳಿದ. ಜೀಪು ಹತ್ತಿಕೊಂಡು ಹೋಯಿತು. ಅದು ಎಬ್ಬಿಸಿದ ಕೆಂಪು ಧೂಳಿನೊಳಗೆ ಅವನು ಶಲ್ಯವನ್ನು ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಅರ್ಧ ಮೈಲಿ ನಡೆದ. ಮೇಲೆ ಎಲ್ಲರೂ ಕಾಯುತ್ತಿದ್ದರು. ಕಾಯದೆ ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಅವನಿಗೆ ಆಮೇಲೆ ಅನ್ನಿಸಿತ್ತು. ಹನ್ನೊಂದು ಜನರಲ್ಲಿ ಯಾರನ್ನು ಇಳಿಸಿದರೆ ಏನೂ ಆಗುವುದಿಲ್ಲ ಎಂಬುದು ಒಬ್ಬ ಡ್ರೈವರಿಗೆ ಒಂದೇ ನೋಟದಲ್ಲಿ ತಿಳಿದುಬಿಟ್ಟಿತಲ್ಲ!

ಮಾರನೆಯ ದಿನ ರುದ್ರಯ್ಯನ ಪುಟದಲ್ಲಿ ಒಂದು ಸ್ಪೆಲ್ಲಿಂಗ್ ತಿದ್ದಲು ಹೋದವನು ಚೌಕದ ಮೇಲೆ ಒತ್ತಿದ. ಟಿಕ್ ಹೋಯಿತು. ನಾಳೆ ಹಾಕಿದರಾಯಿತು ಎಂದುಕೊಂಡ. ಹಾಗೆಂದುಕೊಂಡೇ ಹತ್ತು ದಿನ ಹೋಯಿತು. ಆಮೇಲೆ ರುದ್ರಯ್ಯ ಮಹಡಿ ಹತ್ತಿ ಬಂದ. ನನ್ನ ಜೀಪು ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲವಂತೆ, ಹಳೇ ಗಿರಾಕಿಯೊಬ್ಬರು ಹೇಳಿದರು ಎಂದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತು ಕೇಳಿದ. ಸರ್ವರ್ ಪ್ರಾಬ್ಲಂ ಇರಬೇಕು, ಹಾಸನದವರಿಗೆ ಹೇಳುತ್ತೇನೆ ಎಂಬ ಮಾತು ಏಕಾಂತಯ್ಯನ ಬಾಯಿಂದ ತಾನಾಗಿ ಬಂತು. ಅವನು ಹೋದಮೇಲೆ ಟಿಕ್ ಹಾಕಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಂದಿನ ಸೋಮವಾರ ರುದ್ರಯ್ಯ ಮತ್ತೆ ಬಂದಾಗ ರೈಟ್ರೇ ಎನ್ನಲಿಲ್ಲ, ಸಾರ್ ಎಂದ. ಆ ಒಂದು ಮಾತು ಏಕಾಂತಯ್ಯನ ಎದೆಯೊಳಗೆ ಎಲ್ಲೋ ಬೆಚ್ಚಗೆ ಹೋಗಿ ಕೂತಿತು. ಪ್ರತಿ ಸೋಮವಾರ ಮೆಟ್ಟಿಲ ಮೇಲೆ ಆ ಭಾರವಾದ ಹೆಜ್ಜೆಗಳಿಗಾಗಿ ಕಿವಿಗೊಟ್ಟು ಕೂರುವುದು ಅವನಿಗೆ ರೂಢಿಯಾಯಿತು. ಒಂದು ಸೋಮವಾರ ಬರುವುದು ತಡವಾದಾಗ ಕಿಟಕಿಯಿಂದ ಬಗ್ಗಿ ನೋಡಿದ್ದ ಕೂಡ.

ಜೂನ್‌ನಲ್ಲಿ ರುದ್ರಯ್ಯ ಜೀಪಿಗೆ ಹೊಸ ಬಣ್ಣ ಹೊಡೆಸಿಕೊಂಡು ಬಂದ. ಬಹುಶಃ ನನ್ನ ಫೋಟೊ ಸರಿಯಿಲ್ಲ ಸಾರ್, ಅದಕ್ಕೇ ಅದು ತಗೋತಾ ಇಲ್ಲವೇನೋ ಎಂದ. ಏಕಾಂತಯ್ಯ ಕ್ಯಾಮೆರಾ ಹಿಡಿದು ಕೆಳಗಿಳಿದು, ಆ ಕಡೆ ನಿಲ್ಲಿಸು, ಈ ಕಡೆ ತಿರುಗಿಸು ಎಂದು ಏಳು ಫೋಟೊ ತೆಗೆದ. ರುದ್ರಯ್ಯ ಪ್ರತಿ ಫೋಟೊಗೂ ಮುಂಚೆ ಅಂಗಿಯ ತುದಿಯಲ್ಲಿ ಹೆಡ್‌ಲೈಟು ಒರೆಸಿದ. ಏಕಾಂತಯ್ಯ ಮೇಲೆ ಬಂದು ಅವುಗಳಲ್ಲಿ ಒಳ್ಳೆಯ ಎರಡನ್ನು ಪುಟಕ್ಕೆ ಸೇರಿಸಿ, ವಿವರಣೆಯನ್ನೂ ಹೊಸದಾಗಿ ಬರೆದ: ಮಂಜಿನಲ್ಲೂ ದಾರಿ ಬಲ್ಲ ಚಾಲಕ, ಹದಿನೆಂಟು ವರ್ಷಗಳ ಅನುಭವ, ಮಕ್ಕಳು ಮುದುಕರಿದ್ದರೆ ನಿಧಾನವಾಗಿ ಓಡಿಸುತ್ತಾರೆ. ಬರೆದದ್ದೆಲ್ಲ ನಿಜವಾಗಿತ್ತು. ಸೇವ್ ಮಾಡಿದ, ಟಿಕ್ ಹಾಕಲಿಲ್ಲ. ಆಮೇಲಿನ ವಾರಗಳಲ್ಲಿ ಬಿಡುವಾದಾಗಲೆಲ್ಲ ಆ ಪುಟವನ್ನು ತೆರೆದು ಒಂದು ಪದ ಬದಲಿಸುವುದು, ಒಂದು ಅಲ್ಪವಿರಾಮ ತೆಗೆಯುವುದು ಮಾಡುತ್ತಿದ್ದ. ಇಪ್ಪತ್ತೆರಡು ಪುಟಗಳಲ್ಲಿ ಅದೇ ಅತ್ಯಂತ ಚೆನ್ನಾದ ಪುಟವಾಯಿತು. ಅದನ್ನು ನೋಡುತ್ತಿದ್ದವನು ಅವನೊಬ್ಬನೇ.

ಇಷ್ಟೇ ಆಗಿದ್ದರೆ ಹೇಗಾದರೂ ನುಂಗಿಕೊಳ್ಳಬಹುದಿತ್ತು. ಜುಲೈನ ಒಂದು ಸೋಮವಾರ ರುದ್ರಯ್ಯ ಬೆಂಚಿನ ತುದಿಯಲ್ಲಿ ಕೂತು, ಶನಿವಾರ ಬಂತೆಂದರೆ ತಂಗಿ ಗಂಡನ ಜೀಪು ತುಂಬಿಕೊಂಡು ಬಿಸಿಲೆಗೆ ಹೋಗುತ್ತದೆ, ನನ್ನದು ಮನೆ ಮುಂದೆ ನಿಂತಿರುತ್ತದೆ, ಮಕ್ಕಳು ಅದರಲ್ಲಿ ಆಟ ಆಡುತ್ತವೆ ಎಂದಿದ್ದ. ನಂತರ ದನಿ ತಗ್ಗಿಸಿ, 'ಯಾರಾದ್ರೂ ಬೇಕಂತ್ಲೇ ಮಾಡ್ತಾವ್ರಾ ಸಾರ್?' ಎಂದು ಕೇಳಿದ. ಏಕಾಂತಯ್ಯ ಅವನ ಮುಖ ನೋಡಲಾರದೆ ಪರದೆಯನ್ನೇ ನೋಡುತ್ತ, 'ನಂಗೇನಪ್ಪ ಗೊತ್ತು, ಯಾರು ಯಾರ ಹತ್ರ ಏನು ಹೇಳಿರ್ತಾರೋ' ಎಂದ. ಯಾರ ಹೆಸರನ್ನೂ ಹೇಳಲಿಲ್ಲ. ಮಂಜುನಾಥ ಅಧ್ಯಕ್ಷರ ಅತಿಥಿಗಳನ್ನು ಕರೆದೊಯ್ಯುತ್ತಾನೆ, ಅಧ್ಯಕ್ಷರ ಮನೆಯಲ್ಲಿ ಅವನಿಗೆ ಓಡಾಟವಿದೆ ಎಂಬುದು ಇಬ್ಬರಿಗೂ ಗೊತ್ತಿದ್ದ ವಿಷಯ. ಹೇಳದ ಹೆಸರು ಹೇಳಿದ್ದಕ್ಕಿಂತ ಸ್ಪಷ್ಟವಾಗಿ ರುದ್ರಯ್ಯನ ಮುಖದ ಮೇಲೆ ಮೂಡಿದ್ದನ್ನು ಏಕಾಂತಯ್ಯ ಓರೆಗಣ್ಣಲ್ಲಿ ನೋಡಿದ್ದ. ನೋಡಿಯೂ ತಿದ್ದಲಿಲ್ಲ.

ಈಗ, ಬಾಗಿನದ ಸುದ್ದಿ ಕೇಳಿ ಬಂದ ಈ ಬೆಳಗ್ಗೆ, ಕೈ ಚೌಕದ ಮೇಲೆ ಹೋಯಿತು. ಒತ್ತಿದ. ಟಿಕ್ ಬಂತು. ಹೊರಗಿನವರು ನೋಡುವಂತೆ ಸೈಟು ತೆರೆದು ನೋಡಿದರೆ ರುದ್ರಯ್ಯ ಹೊಸ ಬಣ್ಣದ ಜೀಪಿಗೆ ಒರಗಿ, ಮೋಡದ ಬೆಳಕಿನಲ್ಲಿ ನಿಂತಿದ್ದ. ಐದು ತಿಂಗಳ ಭಾರ ಒಂದು ಕ್ಷಣದಲ್ಲಿ ಇಳಿದಂತಾಗಿ ಏಕಾಂತಯ್ಯನಿಗೆ ಅಳು ಬರುವ ಹಾಗಾಯಿತು. ಮಧ್ಯಾಹ್ನ ಮನೆಗೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಇನ್ನು ಫೋನುಗಳು ಬರುತ್ತವೆ, ಜೀಪು ಓಡುತ್ತದೆ, ಅಣ್ಣ ತಂಗಿ ತಾವಾಗಿ ಸರಿಹೋಗುತ್ತಾರೆ, ರಕ್ತ ಎಲ್ಲಿಗೆ ಹೋಗುತ್ತದೆ ಎಂದುಕೊಂಡ.

ಫೋನುಗಳು ಬಂದವು. ಮೂರನೆಯ ವಾರ ರುದ್ರಯ್ಯ ಒಂದು ಬಟ್ಟೆ ಗಂಟಿನಲ್ಲಿ ಏಲಕ್ಕಿ ತಂದು ಮೇಜಿನ ಮೇಲಿಟ್ಟ. ಮುಖ ತುಂಬಿಕೊಂಡಿತ್ತು. ಶನಿವಾರ ಭಾನುವಾರ ಎರಡೂ ದಿನ ಪುರುಸೊತ್ತಿಲ್ಲ ಎಂದ. ಸರ್ವರ್ ಸರಿಯಾಯಿತು ನೋಡು ಎಂದು ಏಕಾಂತಯ್ಯ ಇನ್ನೂ ಹೇಳುತ್ತಿರುವಾಗಲೇ ಅವನು ತಲೆಯಾಡಿಸಿ, 'ಸರ್ವರ್ರೂ ಅಲ್ಲ ಎಂಥದೂ ಅಲ್ಲ ಬುಡಿ ಸಾರ್. ನಾನು ಅವನ ಬಾಗ್ಲಾಗೆ ನಿಂತು ಕೂಗಾಡಿದ್ನಲ್ಲ, ಅದಕ್ಕೇ ಹೆದ್ರಿ ಕೈ ಬುಟ್ಟವ್ನೆ. ಇಲ್ದಿದ್ರೆ ಐದು ತಿಂಗ್ಳಿಂದ ಆಗ್ದಿದ್ದು ಈಗ ಹೆಂಗಾಯ್ತು? ನಂಗೆ ಅನುಮಾನ ಇತ್ತು, ಈಗ ಗ್ಯಾರಂಟಿ ಆಯ್ತು' ಎಂದ. ಇನ್ನು ಈ ಜನ್ಮದಲ್ಲಿ ಆ ಮನೆಯ ಹೊಸಲು ತುಳಿಯುವುದಿಲ್ಲವೆಂದ. ತಂಗಿಯ ವಿಷಯ ಬಂದಾಗ ಮಾತ್ರ ಏಲಕ್ಕಿ ಗಂಟನ್ನು ಏಕಾಂತಯ್ಯನ ಕಡೆಗೆ ಇನ್ನಷ್ಟು ಸರಿಸಿದ.

ಅಂದೇ ಹೇಳಬೇಕಾಗಿತ್ತು. ಬಾಯಿ ತೆರೆದ ಕೂಡ. ಬಂದದ್ದು, ಕಾಫಿ ತರಿಸಲಾ ಎಂಬ ಮಾತು. ಏಲಕ್ಕಿಯನ್ನು ಮನೆಗೆ ಒಯ್ಯಲು ಧೈರ್ಯ ಬರದೆ ಡ್ರಾಯರಿನಲ್ಲಿ ಇಟ್ಟ. ಡ್ರಾಯರು ಎಳೆದಾಗಲೆಲ್ಲ ಯಾರದೋ ಮನೆಯ ಹಬ್ಬದಡುಗೆಯ ವಾಸನೆ ಬರುತ್ತಿತ್ತು. ಟಿಕ್ ತೆಗೆದದ್ದು ಪಾಪವಾಗಿದ್ದರೆ ಟಿಕ್ ಹಾಕಿದ್ದು ಅದಕ್ಕಿಂತ ದೊಡ್ಡದಾಯಿತಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲಿ, ಸ್ನಾನದ ಮನೆಯಲ್ಲಿ, ದೇವರ ಮುಂದೆ ವಿಭೂತಿ ಹಚ್ಚಿಕೊಳ್ಳುವಾಗ ಯೋಚಿಸುತ್ತಿದ್ದ. ಗುಟ್ಟಾಗಿ ತಪ್ಪು ಮಾಡಿ ಗುಟ್ಟಾಗಿಯೇ ತಿದ್ದಿದರೆ ನಡುವಿನ ಖಾಲಿ ಜಾಗದಲ್ಲಿ ಜನ ಯಾರದಾದರೂ ಹೆಸರು ಬರೆದುಕೊಳ್ಳುತ್ತಾರೆ. ಅಲ್ಲಿ ಮಂಜುನಾಥನ ಹೆಸರು ಬಂದು ಕೂತಿತ್ತು. ಅಧ್ಯಕ್ಷರು ಒಂದು ದಿನ ಸೈಟು ನೋಡಿ, ರುದ್ರಯ್ಯನ ಪುಟ ಬಹಳ ಚೆನ್ನಾಗಿ ಬರೆದಿದ್ದೀರಿ, ಎಲ್ಲರದ್ದೂ ಹೀಗೇ ಮಾಡಿ ಎಂದು ಬೆನ್ನು ತಟ್ಟಿದರು.

ಆಯುಧಪೂಜೆಯ ಮಾರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ರುದ್ರಯ್ಯ ಬಂದ. ಜೀಪಿಗೆ ಬಾಳೆಕಂದು ಕಟ್ಟಿ ಚೆಂಡುಹೂವಿನ ಹಾರ ಹಾಕಿದ್ದೇನೆ, ಬಾಡುವ ಮುಂಚೆ ಒಂದು ಫೋಟೊ ತೆಗೆದು ಹಾಕಿ ಸಾರ್ ಎಂದ. ಏಕಾಂತಯ್ಯ ಕ್ಯಾಮೆರಾ ತೆಗೆದುಕೊಳ್ಳಲು ಡ್ರಾಯರು ಎಳೆದ. ವಾಸನೆ ಬಂತು. ಡ್ರಾಯರನ್ನು ಹಾಗೇ ಮುಚ್ಚಿದ.

'ರುದ್ರಯ್ಯ, ಸರ್ವರ್ ಅಲ್ಲ. ಮಂಜುನಾಥನೂ ಅಲ್ಲ. ನಿನ್ನ ಪುಟ ತೆಗೆದಿದ್ದು ನಾನು.'

ರುದ್ರಯ್ಯನಿಗೆ ಅರ್ಥವಾಗಲಿಲ್ಲ. ನೀವು ಸರಿ ಮಾಡಿದವರಲ್ಲವಾ ಎಂದ. ಏಕಾಂತಯ್ಯ ತಲೆ ತಗ್ಗಿಸಿಕೊಂಡೇ ಮತ್ತೊಮ್ಮೆ, ಏಪ್ರಿಲ್‌ನಿಂದ ಮೊದಲುಮಾಡಿ, ಯಾವುದನ್ನೂ ಬಿಡದೆ ಹೇಳಿದ. ಸೋಮವಾರಗಳನ್ನು ಹೇಳಿದ. ಯಾರು ಯಾರ ಹತ್ತಿರ ಏನು ಹೇಳಿರುತ್ತಾರೋ ಎಂದಿದ್ದನ್ನೂ ಹೇಳಿದ. ರುದ್ರಯ್ಯ ಮೇಜನ್ನು ಬಳಸಿಕೊಂಡು ಈ ಕಡೆ ಬಂದು, ಪರದೆಯ ಮುಂದೆ ಬಗ್ಗಿದ.

'ಎಲ್ಲಿ, ತೋರ್ಸಿ. ಹೆಂಗ್ ಮಾಡಿದ್ರಿ?'

ಏಕಾಂತಯ್ಯ ತೋರಿಸಿದ. ಚೌಕದ ಮೇಲೆ ಒತ್ತಿದ, ಟಿಕ್ ಹೋಯಿತು; ಇನ್ನೊಮ್ಮೆ ಒತ್ತಿದ, ಬಂತು.

'ಇಷ್ಟೇನಾ?'

'ಇಷ್ಟೇ.'

ಬೈಯುತ್ತಾನೆ, ಹೊಡೆದರೂ ಹೊಡೆಯಬಹುದು ಎಂದು ಏಕಾಂತಯ್ಯ ಕಾದ. ರುದ್ರಯ್ಯ ಯಾಕೆ ಎಂದು ಮಾತ್ರ ಕೇಳಿದ. ದೊಡ್ಡ ಕಾರಣವೊಂದು ಇರಬಾರದಿತ್ತೇ ಎಂದು ಏಕಾಂತಯ್ಯನ ಮನಸ್ಸು ಹುಡುಕಾಡಿತು, ಇರಲಿಲ್ಲ. ವನಗೂರಿನ ಏರಿನಲ್ಲಿ ಎಲ್ಲರ ಎದುರಿಗೆ ನನ್ನನ್ನು ಇಳಿಸಿದೆಯಲ್ಲ ಎಂದ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಇಬ್ಬರಿಗೂ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ರುದ್ರಯ್ಯನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಿಧಾನವಾಗಿ ಹೇಳಿದ:

'ಅಲ್ಲಿ ಇನ್ಯಾರ್ಗೆ ಇಳೀರಿ ಅನ್ನಾಕಾಯ್ತಿತ್ತು ನಂಗೆ? ಧಣಿಗಳಿಗೆ ಅನ್ನಾಕಾಯ್ತಿತ್ತಾ, ಆ ಹೆಂಗಸ್ರಿಗಾ? ನೀವೊಬ್ರು ನಮ್ಮೋರು ಅಂತ ಸಲಿಗೆ ಮೇಲೆ ಅಂದೆ ರೈಟ್ರೇ.'

ಮತ್ತೆ ರೈಟ್ರೇ ಎಂದಿದ್ದ. ಏಕಾಂತಯ್ಯ ಕೂತ ಕುರ್ಚಿ ನೆಲದೊಳಕ್ಕೆ ಇಳಿಯುತ್ತಿರುವ ಹಾಗಾಯಿತು. ರುದ್ರಯ್ಯ ಬಾಗಿಲ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಬನ್ನಿ ಎಂದ. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

ಜೀಪು ಹೊಂಗಡಹಳ್ಳದ ದಾರಿ ಹಿಡಿಯಿತು. ತಿರುವುಗಳಲ್ಲಿ ಬಾಳೆಕಂದಿನ ಎಲೆ ಗಾಜಿಗೆ ಬಡಿಯುತ್ತಿತ್ತು. ಒಂದು ಕಡೆ ತೋಟದ ಆಳುಗಳು ಕೈ ಅಡ್ಡ ಹಿಡಿದಾಗ ರುದ್ರಯ್ಯ ನಿಲ್ಲಿಸಿ, ಮೂರು ಮೈಲಿ ಹತ್ತಿಸಿಕೊಂಡು ಹೋಗಿ, ಅವರು ಹೇಳಿದಲ್ಲಿ ಇಳಿಸಿದ. ತಾನು ಹೇಳಲಿರುವ ಮಾತುಗಳನ್ನು ಏಕಾಂತಯ್ಯ ಮನಸ್ಸಿನಲ್ಲಿ ಜೋಡಿಸಲು ನೋಡಿದ. ಒಂದು ಸಾಲಾದ ಮೇಲೆ ಇನ್ನೊಂದು ಸಾಲು ಚಂದವಾಗಿ ಬರತೊಡಗಿದ್ದನ್ನು ಕಂಡು ಅಸಹ್ಯಪಟ್ಟು ಬಿಟ್ಟುಬಿಟ್ಟ. ಹೊಂಗಡಹಳ್ಳದಲ್ಲಿ ಪುಷ್ಪಾಳ ಮನೆಯ ಅಂಗಳದ ಹೊರಗೇ ಜೀಪು ನಿಂತಿತು. ಮಂಜುನಾಥನ ಜೀಪು ಇರಲಿಲ್ಲ. 'ನಾನು ಒಳಕ್ಕೆ ಬರಾಕಿಲ್ಲ. ನೀವೇ ಹೋಗಿ ಹೇಳಿ' ಎಂದ ರುದ್ರಯ್ಯ, ಸ್ಟೇರಿಂಗ್ ಬಿಡದೆ, ಎಂಜಿನ್ ಆರಿಸದೆ.

ಪುಷ್ಪಾ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಏಲಕ್ಕಿ ಆರಿಸುತ್ತಿದ್ದಳು. ಮೂವತ್ತರ ಆಸುಪಾಸಿನ, ಅಣ್ಣನದೇ ಅಗಲ ಹಣೆಯ ಹೆಂಗಸು. ಅಂಗಳದಾಚೆಯ ಜೀಪು ನೋಡಿ ಎದ್ದವಳು ಇಳಿದವನು ಅಣ್ಣನಲ್ಲವೆಂದು ಕಂಡು ಅಲ್ಲೇ ನಿಂತಳು. ಏಕಾಂತಯ್ಯ ಜಗಲಿಯ ಕಂಬವನ್ನು ನೋಡುತ್ತ ಎಲ್ಲವನ್ನೂ ಹೇಳಿದ. ಮುಗಿದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು, ಅವನನ್ನು ದಾಟಿ ಅಂಗಳಕ್ಕೆ ಇಳಿದು, ಜೀಪಿನ ಹತ್ತಿರ ಹೋಗಿ ಬಾಗಿಲ ಕಂಬಿ ಹಿಡಿದು ನಿಂತಳು. ರುದ್ರಯ್ಯ ತಿರುಗಿ ನೋಡಲಿಲ್ಲ. ಎದುರಿನ ಗಾಜನ್ನೇ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ಎಂಜಿನ್ನಿನ ಸದ್ದು ನಿಂತಿತು. ಅಣ್ಣ ತಂಗಿ ಒಬ್ಬರ ಹಿಂದೆ ಒಬ್ಬರು ಅಂಗಳ ದಾಟಿ ಏಕಾಂತಯ್ಯನ ಪಕ್ಕದಲ್ಲೇ ಹಾದು ಒಳಗೆ ಹೋದರು. ಕೂತ್ಕೊಳ್ಳಿ ಎಂದೂ ಹೋಗಿ ಎಂದೂ ಯಾರೂ ಅವನಿಗೆ ಹೇಳಲಿಲ್ಲ. ಅವನು ಜಗಲಿಯ ಅಂಚಿನಲ್ಲಿ, ಮೊರದಿಂದ ಒಂದು ಮೊಳ ದೂರದಲ್ಲಿ ಕೂತ.

ಇನ್ನು ಅಳು ಕೇಳಿಸುತ್ತದೆ, ಆಮೇಲೆ ಸಮಾಧಾನ, ಆಮೇಲೆ ಬೈಗುಳ ತನ್ನ ಕಡೆಗೆ ತಿರುಗುತ್ತದೆ ಎಂದು ಅವನು ಎಣಿಸಿದ್ದ. ತಿರುಗಿದರೆ ಒಳ್ಳೆಯದಿತ್ತು. ಒಳಗಿನಿಂದ ಪುಷ್ಪಾಳ ದನಿ ಬಂತು. ಅದರಲ್ಲಿ ಸಿಟ್ಟೇ ಇರಲಿಲ್ಲ.

'ಅವ್ರೇನೋ ಅಂದ್ರು, ಆಗೋಯ್ತು. ನೀನ್ಹೆಂಗೆ ನಂಬ್ದೆ ಅಣ್ಣ?'

ಆ ಪ್ರಶ್ನೆಯ ಮುಂದೆ ತನ್ನ ತಪ್ಪೊಪ್ಪಿಗೆ ಎಷ್ಟು ದೂರ ಹೋಗಬಲ್ಲದು ಎಂಬುದು ಏಕಾಂತಯ್ಯನಿಗೆ ಕಂಡಿತು: ಹೊಸಲಿನವರೆಗೆ. ಅದರಾಚೆ ಒಂದೇ ಮನೆಯಲ್ಲಿ ಬೆಳೆದವರ ನಡುವೆ, ತಾನು ಹಾಕಿದ ಒಂದು ಸಣ್ಣ ಸೀಳಿನಿಂದ, ಮೊದಲೇ ಅಲ್ಲಿದ್ದಿರಬಹುದಾದ ಏನೋ ಹೊರಗೆ ಬಂದುಬಿಟ್ಟಿತ್ತು. ಅದನ್ನು ಒಳಗೆ ಕಳಿಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಎದ್ದು ಹೋಗಿಬಿಡಬಹುದಾಗಿತ್ತು, ಸಕಲೇಶಪುರದ ಬಸ್ಸಿಗೆ ಹೊತ್ತಾಗಿತ್ತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಇನ್ನೊಂದು ಜೀಪಿನ ಸದ್ದಾಯಿತು. ಮಂಜುನಾಥ ಗಿರಾಕಿಗಳನ್ನು ಎಲ್ಲೋ ಇಳಿಸಿ ಊಟಕ್ಕೆ ಬಂದಿದ್ದ. ಹಾರ ಹಾಕಿದ ಭಾವನ ಜೀಪನ್ನು ನೋಡಿ ಬ್ರೇಕು ಹಾಕಿ, ಅನುಮಾನಿಸಿ, ಇಳಿದು ಅಂಗಳಕ್ಕೆ ಬಂದ. ಜಗಲಿಯ ಮೇಲೆ ಕೂತವನನ್ನು ಕಂಡು ಅವನ ಮುಖ ಅರಳಿತು. ಯಾರೋ ದೊಡ್ಡವರನ್ನು ಮಧ್ಯಸ್ಥಿಕೆಗೆ ಕರೆತಂದಿದ್ದಾರೆ ಎಂದು ಅವನು ತಿಳಿದುಕೊಂಡಿದ್ದ.

'ನೀವು ಬಂದಿದ್ದು ಒಳ್ಳೇದಾಯ್ತು ಸಾರ್' ಎಂದ ಮಂಜುನಾಥ, ಹತ್ತಿರ ಬಂದು, ಕೈ ಜೋಡಿಸಿ. 'ನೀವಾದ್ರೂ ಹೇಳಿ ನಮ್ ಭಾವಂಗೆ. ಎಲ್ಲಾ ಕಂಪ್ಯೂಟ್ರು ನಿಮ್ ಕೈನಾಗೇ ಐತೆ. ನಂದೇನಾದ್ರೂ ತಪ್ಪೈತಾ?'

ಏಕಾಂತಯ್ಯ ಎದ್ದು ನಿಂತ. ಈ ಸಲ ಪರದೆಯನ್ನೋ ಕಂಬವನ್ನೋ ನೋಡುತ್ತ ಹೇಳುವಂತಿರಲಿಲ್ಲ. ಮಂಜುನಾಥ ಇನ್ನೂ ಕೈ ಜೋಡಿಸಿಕೊಂಡೇ, ಮುಖ ಎತ್ತಿ, ಉತ್ತರಕ್ಕೆ ಕಾಯುತ್ತಿದ್ದ. ಇಲ್ಲಪ್ಪ ಎಂದು ಏಕಾಂತಯ್ಯ ಶುರುಮಾಡಿದ; ನಿಂದೇನೂ ಇಲ್ಲ, ಕೈ ಇಳಿಸು ಮೊದಲು, ಏಪ್ರಿಲ್‌ನಲ್ಲಿ ಒಂದು ದಿನ ಎಂದ. ಒಳಗೆ ಅಣ್ಣ ತಂಗಿ ಇಬ್ಬರೂ ಕೇಳುತ್ತಿದ್ದರು.